ಲ್ಯಾಂಕಾಸ್ಟರಿನ ಹದಿಮೂರು ದಿನಗಳು

1744ರ ಜೂನ್ 22ರಂದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಎಂಬ ಪುಟ್ಟ ಪಟ್ಟಣಕ್ಕೆ ಉತ್ತರ ಅಮೆರಿಕದ ಆರು ಮೂಲನಿವಾಸಿ ಜನಾಂಗಗಳ ಇರೊಕ್ವಾ ಒಕ್ಕೂಟದ ಸುಮಾರು 250 ಜನ, ಹೆಂಗಸರು ಮಕ್ಕಳೂ ಸೇರಿ, ಬಂದು ಸೇರಿದರು. ಆಗ ಬ್ರಿಟಿಷ್ ವಸಾಹತುಗಳಾಗಿದ್ದ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾಗಳ ಪ್ರತಿನಿಧಿಗಳೊಡನೆ ನೆಲದ ಬಗ್ಗೆ ಮಾತಾಡಿ ಒಪ್ಪಂದಕ್ಕೆ ಬರುವುದಿತ್ತು. ಮುಂದಾಳಾಗಿದ್ದ, ಆ ಒಕ್ಕೂಟದ ಒನೊಂಡಾಗಾ ಜನಾಂಗದ ನಾಯಕ ಕನಾಸಟೇಗೊ, ಹಳೆಯ ಒಪ್ಪಂದಗಳಿಗೆ ಮರುಜೀವ ಕೊಡೋಣ ಬನ್ನಿ ಎಂದು ತನ್ನ ಭಾಷೆಯಲ್ಲಿ ಹಾಡುತ್ತಾ ಬಂದನೆಂದು ಮೇರಿಲ್ಯಾಂಡ್ ನಿಯೋಗದ ಕಾರ್ಯದರ್ಶಿ ವಿತಮ್ ಮಾರ್ಷ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಒಪ್ಪಂದವೆಂದರೆ ಸಹಿ ಹಾಕಿದ ಕಾಗದವೆಂದಷ್ಟೇ ತಿಳಿಯುವ ನಮಗೆ, ಆ ಕಾಗದದ ಹಿಂದೆ ಎರಡು ಸಮಾಜಗಳು ಜುಲೈ 4ರವರೆಗೆ ಒಂದೇ ಊರಿನಲ್ಲಿ ಉಂಡು, ಮಾತಾಡಿ, ಒಬ್ಬರನ್ನೊಬ್ಬರು ಅಳೆಯುತ್ತಾ ಕಳೆದ ದಿನಗಳು ಕಾಣುವುದೇ ಇಲ್ಲ.

ಬಂದವರು ಊರಿನ ಖಾಲಿ ಜಾಗದಲ್ಲಿ ಹಲಗೆಗಳನ್ನೂ ಮರದ ಕೊಂಬೆಗಳನ್ನೂ ಸೇರಿಸಿ ಗುಡಿಸಲು ಕಟ್ಟಿಕೊಂಡರು. ಅವರನ್ನು ನೋಡಲು ಹೋಗುವ ಬಿಳಿಯರಿಗೆ ದುಭಾಷಿ ಕಾನ್ರಾಡ್ ವೈಸರ್ ಮೊದಲೇ ಒಂದು ಎಚ್ಚರಿಕೆ ಕೊಟ್ಟಿದ್ದ: ಅವರ ಉಡುಗೆ ತೊಡುಗೆಯ ಬಗ್ಗೆ ಆಡಿಕೊಳ್ಳಬೇಡಿ, ಅವರಲ್ಲಿ ಹಲವರಿಗೆ ಇಂಗ್ಲಿಷ್ ಅರ್ಥವಾಗುತ್ತದೆ. ಯುವಕನಾಗಿದ್ದಾಗ ಅದೇ ಒಕ್ಕೂಟದ ಮೊಹಾಕರ ನಡುವೆ ಬಾಳಿ ಅವರ ಭಾಷೆ ಕಲಿತ ಈ ಜರ್ಮನ್ ವಲಸಿಗನಿಲ್ಲದೆ ಆ ಸಭೆ ಒಂದು ದಿನವೂ ನಡೆಯುತ್ತಿರಲಿಲ್ಲವೆಂದು ನನಗನಿಸುತ್ತದೆ.

ನ್ಯಾಯಾಲಯದ ಕಟ್ಟಡದಲ್ಲಿ ಸಭೆ ಸೇರುತ್ತಿತ್ತು. ಕಟ್ಟಡ ಬಿಳಿಯರದಾದರೂ ಅಲ್ಲಿನ ಮರ್ಯಾದೆ ಇರೊಕ್ವಾ ಜನರದು. ಒಂದೊಂದು ವಿಷಯ ಮುಗಿದಾಗಲೂ ಮಾತಾಡಿದವನು ಚಿಪ್ಪಿನ ಮಣಿಗಳ ಸರವನ್ನೋ ಅಗಲವಾದ ಪಟ್ಟಿಯನ್ನೋ ಎದುರಿನವರ ಕೈಗಿಡಬೇಕು. ವಾಂಪಮ್ ಎನ್ನುವ ಆ ಮಣಿಗಳಿಲ್ಲದ ಮಾತಿಗೆ ತೂಕವಿರಲಿಲ್ಲ. ಕೇಳಿದವರು ಆಗಲೇ ಉತ್ತರ ಕೊಡುವುದು ಸಲ್ಲದು. ತಮ್ಮೊಳಗೆ ಚರ್ಚಿಸಿ, ಮತ್ತೆ ಸಭೆ ಸೇರಿದಾಗ ಎದುರಿನವರು ಹೇಳಿದ್ದನ್ನೆಲ್ಲ ಅಂಶ ಅಂಶವಾಗಿ, ಅದೇ ಕ್ರಮದಲ್ಲಿ ನೆನಪಿನಿಂದ ಹೇಳಿ, ಅನಂತರವೇ ಉತ್ತರಕ್ಕೆ ತೊಡಗಬೇಕು. ಕೇಳಿಸಿಕೊಳ್ಳುವುದಕ್ಕೆ ಇಷ್ಟೊಂದು ಗೌರವ ಕೊಟ್ಟ ರಾಜತಾಂತ್ರಿಕ ಪದ್ಧತಿಯ ಬಗ್ಗೆ ನನಗೆ ಅಪಾರ ಮೆಚ್ಚುಗೆಯಿದೆ.

ಆ ಮರ್ಯಾದೆಯೊಳಗೇ ಕಟುವಾದ ಮಾತುಗಳೂ ಬಂದವು. ನೂರು ವರ್ಷಕ್ಕೂ ಮೀರಿ ಈ ನೆಲ ನಮ್ಮ ಸ್ವಾಧೀನದಲ್ಲಿದೆ ಎಂದು ಮೇರಿಲ್ಯಾಂಡಿನವರು ವಾದಿಸಿದಾಗ, ನಾವು ಹುಟ್ಟಿಬಂದದ್ದೇ ಈ ಮಣ್ಣಿನಿಂದ, ಅಷ್ಟು ಕಾಲದ ಮುಂದೆ ನೂರು ವರ್ಷ ಯಾವ ಲೆಕ್ಕ ಎಂದು ಕನಾಸಟೇಗೊ ಕೇಳಿದ. ಇವನೇ ಎರಡು ವರ್ಷಗಳ ಹಿಂದೆ ಫಿಲಡೆಲ್ಫಿಯಾದಲ್ಲಿ, ನೆಲ ಶಾಶ್ವತ, ಅದಕ್ಕೆ ಬದಲಾಗಿ ನಾವು ಪಡೆಯುವ ಸಾಮಾನು ಬೇಗನೆ ಸವೆದುಹೋಗುತ್ತದೆ ಎಂದಿದ್ದವನು. ಸಂಜೆಯ ಹೊತ್ತು ಬಿಡಾರದಲ್ಲಿ ಬೆಂಕಿಯ ಸುತ್ತ ಯುವಕರ ಕುಣಿತ ನಡೆದರೆ, ಹಗಲು ನಾಯಕರಿಗೆ ಔತಣ. ಫ್ರೆಂಚರೊಡನೆ ಯುದ್ಧ ಆರಂಭವಾಗಿದ್ದ ಕಾಲವದು. ಇರೊಕ್ವಾ ಜನರ ಸ್ನೇಹ ಬ್ರಿಟಿಷರಿಗೆ ಅನಿವಾರ್ಯವಾಗಿತ್ತು. ಸಣ್ಣ ಲೋಟದಲ್ಲಿ ಕೊಟ್ಟ ರಮ್ ಕಡಿಮೆಯಾಯಿತೆನಿಸಿದಾಗ, ನಿನ್ನೆ ಫ್ರೆಂಚ್ ಲೋಟದಲ್ಲಿ ಕೊಟ್ಟಿರಿ, ಇಂದು ಇಂಗ್ಲಿಷ್ ಲೋಟದಲ್ಲಿ ಕೊಡಿ ಎಂದು ಕನಾಸಟೇಗೊ ಕೇಳಿದ್ದು ಈ ಇಕ್ಕಟ್ಟನ್ನು ಚೆನ್ನಾಗಿ ಅರಿತೇ. ಪೆನ್ಸಿಲ್ವೇನಿಯಾದ ಗವರ್ನರ್ ಜಾರ್ಜ್ ಥಾಮಸ್ ಸಂತೋಷದಿಂದಲೇ ದೊಡ್ಡ ಲೋಟಗಳನ್ನು ತರಿಸಿದ.

ಆದರೆ ಬರಹಕ್ಕಿಳಿದ ಭಾಗ ಈ ಸೌಜನ್ಯಕ್ಕೆ ತಕ್ಕಂತಿರಲಿಲ್ಲ. ವರ್ಜೀನಿಯಾದವರು 200 ಪೌಂಡ್ ಬೆಲೆಯ ಸರಕನ್ನೂ 200 ಪೌಂಡ್ ಚಿನ್ನವನ್ನೂ ಕೊಟ್ಟು ಬರೆಸಿಕೊಂಡ ಪತ್ರ, ಆ ವಸಾಹತಿನ ಎಲ್ಲೆಯೊಳಗಿನ ನೆಲದ ಮೇಲೆಲ್ಲ ರಾಜನ ಹಕ್ಕನ್ನು ಒಪ್ಪಿಕೊಳ್ಳುವಂತಿತ್ತು. ಹಳೆಯ ರಾಜಶಾಸನದ ಪ್ರಕಾರ ವರ್ಜೀನಿಯಾದ ಎಲ್ಲೆ ಪಶ್ಚಿಮದ ಸಮುದ್ರದವರೆಗೂ ಚಾಚಿತ್ತು. ಇರೊಕ್ವಾ ಜನರ ತಿಳಿವಳಿಕೆಯಲ್ಲಿ ಅವರು ಬಿಟ್ಟುಕೊಟ್ಟದ್ದು ಪರ್ವತಗಳ ನಡುವಿನ ಶೆನಂಡೋವಾ ಕಣಿವೆಯ ಸುತ್ತಲಿನ ನೆಲವನ್ನು ಮಾತ್ರ. ಅಷ್ಟು ಎಚ್ಚರದಿಂದ ಕೇಳಿಸಿಕೊಂಡು, ಅಂಶ ಅಂಶವಾಗಿ ತಿರುಗಿ ಹೇಳುತ್ತಿದ್ದವರ ಮುಂದೆ ಆ ಎಲ್ಲೆ ಎಷ್ಟು ದೂರದ್ದೆಂದು ಬಿಡಿಸಿ ಹೇಳದೆ ಹೋದದ್ದನ್ನು ನಾನು ವಂಚನೆಯೆಂದೇ ಕರೆಯುತ್ತೇನೆ. 1752ರಲ್ಲಿ ಒಹಾಯೊ ನದಿಯ ಲಾಗ್ಸ್‌ಟೌನಿನಲ್ಲಿ ವರ್ಜೀನಿಯಾದವರು ಅದೇ ಪತ್ರವನ್ನು ಮುಂದಿಟ್ಟಾಗ, ಮಾರಿದ ನೆಲ ಅಲೆಗೆನಿ ಬೆಟ್ಟಗಳಾಚೆಗೂ ಹೋಗುತ್ತದೆಂದು ನೀವು ಹೇಳುವವರೆಗೆ ನಮಗೆ ತಿಳಿದಿರಲಿಲ್ಲ ಎಂದು ಅಲ್ಲಿನ ಮೂಲನಿವಾಸಿ ನಾಯಕರು ಉತ್ತರಿಸಿದರು. ಹಾಗಿದ್ದೂ ಅಂದಿನ ಸಭೆ ಮುಗಿಯುವ ಹೊತ್ತಿಗೆ ವರ್ಜೀನಿಯಾದವರು ಅವರಿಂದ ಒಪ್ಪಿಗೆ ಪಡೆದೇ ಹೊರಟರು.