ಶುಂಠಿ ಹೊಲದಿಂದ ತಂದ ಎರಡು ಬಾಟಲಿ ನೀರು

ಮೈಸೂರಿನ ಕುಡಿಯುವ ನೀರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಜೂನ್ ಎಂದರೆ ಈಗಲೂ ಕೆಂಪು ನೀರಿನ ತಿಂಗಳು. ಹೊಳೆಯ ದಂಡೆಯವರು ‘ಹೊಸ ನೀರು ಬಂತು’ ಎಂದು ಸಂಭ್ರಮಪಡುವ ದಿನಗಳಲ್ಲಿ ನಾವು ಆರು ಗಾಜಿನ ಜಾಡಿಗಳಿಗೆ ಕಚ್ಚಾ ನೀರು ತುಂಬಿ, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಆಲಂ, ಅಂದರೆ ಪಟಿಕ, ಹಾಕಿ, ಯಾವುದರಲ್ಲಿ ಕಲ್ಮಶ ಚೆನ್ನಾಗಿ ಹೆಪ್ಪುಗಟ್ಟಿ ತಳಕ್ಕೆ ಇಳಿಯುತ್ತದೆ ಎಂದು ನೋಡುತ್ತಿದ್ದೆವು. ಅದಕ್ಕೆ ಜಾರ್ ಟೆಸ್ಟ್ ಎನ್ನುತ್ತಾರೆ. ಮಣ್ಣು ಹೆಚ್ಚು ಬಂದರೆ ಆಲಂ ಹೆಚ್ಚು. ನಮ್ಮ ಲೆಕ್ಕ ಅಷ್ಟಕ್ಕೇ ಮುಗಿಯುತ್ತಿತ್ತು. ಆ ಮಣ್ಣು ಯಾರ ಹೊಲದ್ದು ಎಂದು ಸೇವೆಯಲ್ಲಿದ್ದಷ್ಟು ಕಾಲವೂ ನಾನು ಕೇಳಿಕೊಳ್ಳಲಿಲ್ಲ. ಕಳೆದ ಜೂನ್ ಕೊನೆಯ ವಾರ ಎರಡು ದಿನ ಬಿಡದೆ ಸುರಿದ ಮಳೆ ಸ್ವಲ್ಪ ಹೊಳವಾದಾಗ, ನಾಲ್ಕು ಖಾಲಿ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು, ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗಳನ್ನು ಜೊತೆಗೆ ಕರೆದುಕೊಂಡು ಹೊರಟೆ.

ಮೈಸೂರಿಗೆ ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳಿಂದ ಕಾವೇರಿ ನೀರು ಬರುತ್ತದೆ, ಬಿದರಗೋಡಿನಿಂದ ಕಬಿನಿ ನೀರು ಬರುತ್ತದೆ. ನಮ್ಮ ಮನೆಗೆ ಬರುವುದು ಕಾವೇರಿ. ಕಾವೇರಿ ಎಂದರೆ ನಮ್ಮವರ ಮನಸ್ಸಿಗೆ ಬರುವುದು ಕನ್ನಂಬಾಡಿ ಕಟ್ಟೆ, 124.80 ಅಡಿಯ ಗರಿಷ್ಠ ಮಟ್ಟ, ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಅರ್ಪಿಸುವ ಬಾಗಿನ. ಆ ಕಟ್ಟೆಗೆ ಕಾವೇರಿಯ ಜೊತೆ ಹೇಮಾವತಿಯೂ ಲಕ್ಷ್ಮಣತೀರ್ಥವೂ ಸೇರುತ್ತವೆ ಎಂಬುದನ್ನು ಶಾಲೆಯಲ್ಲಿ ಕಲಿತಿರುತ್ತೇವೆ, ಆಮೇಲೆ ಮರೆತಿರುತ್ತೇವೆ. ಕೊಡಗಿನ ಬ್ರಹ್ಮಗಿರಿ ಸಾಲಿನಲ್ಲಿ ಹುಟ್ಟಿ, ಇರ್ಪಿನಲ್ಲಿ ಜಲಪಾತವಾಗಿ ಧುಮುಕಿ, ಹನಗೋಡು, ಹುಣಸೂರು, ಕಟ್ಟೆಮಳಲವಾಡಿಗಳನ್ನು ದಾಟಿ ಬರುವ ಲಕ್ಷ್ಮಣತೀರ್ಥ ಸಾಗರಕಟ್ಟೆಯ ಬಳಿ ಹಿನ್ನೀರಿನಲ್ಲಿ ಕರಗುತ್ತದೆ. ಮೊದಲ ಬಾಟಲಿಯನ್ನು ಸಾಗರಕಟ್ಟೆಯ ಸೇತುವೆಯ ಕೆಳಗೆ ತುಂಬಿಕೊಂಡೆವು. ಅಲ್ಲಿಂದ ಹುಣಸೂರಿಗೆ ಬಂದು, ಬಸ್ಸು ಬದಲಿಸಿ ಹನಗೋಡಿನ ಕಡೆಗೆ ಹೋದೆವು. ದಾರಿಯಲ್ಲಿ ಒಂದೂರಿನ ಚರಂಡಿ ನೇರವಾಗಿ ಹೊಳೆಗೆ ಬೀಳುವ ಜಾಗದಲ್ಲಿ ಎರಡನೆಯ ಬಾಟಲಿ ತುಂಬಿತು. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಚರಂಡಿಯ ದೋಷ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಪರಿಹಾರವೂ ಎಲ್ಲರಿಗೂ ಗೊತ್ತಿದೆ.

ನನಗೆ ಗೊತ್ತಿಲ್ಲದೇ ಇದ್ದದ್ದು ಕಂಡದ್ದು ರಸ್ತೆಯಿಂದ ಅರ್ಧ ಮೈಲಿ ಒಳಗಿದ್ದ ಒಂದು ಶುಂಠಿ ಹೊಲದಲ್ಲಿ. ಹೊಲ ಹಳ್ಳದ ಕಡೆಗೆ ಇಳಿಜಾರಾಗಿತ್ತು. ಮೊಣಕಾಲಿನ ಅರ್ಧದಷ್ಟು ಎತ್ತರದ ಮಡಿಗಳು, ನಡುವೆ ಕಾಲುವೆಗಳು, ಆ ಕಾಲುವೆಗಳೆಲ್ಲ ಇಳಿಜಾರಿನ ಗುಂಟವೇ ನೇರವಾಗಿ ಹಳ್ಳಕ್ಕೆ ಹರಿಯುತ್ತಿದ್ದವು. ಮಳೆ ನಿಂತು ಗಂಟೆಯಾಗಿದ್ದರೂ ಕಾಲುವೆಯಲ್ಲಿ ಕೆಮ್ಮಣ್ಣು ಕಲಸಿದಂತಹ ನೀರು ಬೆರಳು ದಪ್ಪ ಹರಿಯುತ್ತಲೇ ಇತ್ತು. ಗೇಣಿಗೆ ಮಾಡುತ್ತಿದ್ದ ರೈತರು ಗುದ್ದಲಿ ಹಿಡಿದು ಕಾಲುವೆಯ ಬಾಯಿ ಬಿಡಿಸುತ್ತಿದ್ದರು. ನೀರನ್ನು ಹೀಗೆ ಹೊರಗೆ ಬಿಡುವುದೇಕೆ ಎಂದು ಕೇಳಿದಾಗ ಅವರು ಗುದ್ದಲಿ ನಿಲ್ಲಿಸಿ ಹೇಳಿದರು: “ಶುಂಠಿ ಬುಡದಲ್ಲಿ ನೀರು ನಿಂತ್ರೆ ಗೆಡ್ಡೆ ಕೊಳ್ತು ಹೋಗುತ್ತೆ ಸಾರ್. ಒಂದು ಮಡಿಗೆ ಕೊಳೆ ಬಿತ್ತು ಅಂದ್ರೆ ಹೊಲವೇ ಹೋಯ್ತು ಅಂತ. ಹರಿಸ್ಲೇಬೇಕು.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಅದೇ ಮಣ್ಣಿನಲ್ಲಿ ಮತ್ತೆ ಶುಂಠಿ ಹಾಕಿದರೆ ರೋಗ ಹೆಚ್ಚುವುದರಿಂದ ಗೇಣಿದಾರರು ಮುಂದಿನ ಬೆಳೆಗೆ ಬೇರೆ ಜಮೀನು ಹುಡುಕುತ್ತಾರೆ. ಒಂದೇ ಬೆಳೆಯ ಮಟ್ಟಿಗೆ ಹೊಲದಲ್ಲಿರುವವರು ಬದುವಿನ ಮೇಲೆ ಹೊಂಗೆ ನೆಡಬೇಕು, ಹಳ್ಳದ ಅಂಚಿಗೆ ಲಾವಂಚದ ಸಾಲು ಹಾಕಬೇಕು ಎಂದು ಪೇಟೆಯವನೊಬ್ಬ ಬಂದು ಹೇಳುವುದು ನ್ಯಾಯವೂ ಅಲ್ಲ. ಆದರೆ ಅಕ್ಕನ ಮಗಳು ನನಗಿಂತ ಚೆನ್ನಾಗಿ ನೋಡಿದಳು. ಒಂದು ಕಡೆ ಮಡಿಗಳ ಮೇಲೆ ಭತ್ತದ ಹುಲ್ಲನ್ನು ದಟ್ಟವಾಗಿ ಹೊದಿಸಿದ್ದರು, ಹುಲ್ಲು ಸಾಲದೆ ಇನ್ನೊಂದು ಕಡೆ ಹಾಗೆಯೇ ಬಿಟ್ಟಿದ್ದರು. ಹುಲ್ಲು ಹೊದ್ದ ಮಡಿಗಳ ನಡುವಿನಿಂದ ಬರುತ್ತಿದ್ದ ನೀರು ತೆಳು ಚಹಾದ ಬಣ್ಣಕ್ಕಿತ್ತು. ಅದರಲ್ಲಿ ಮುಳುಗಿಸಿದ ಅವಳ ಬೆರಳಿನ ಉಗುರು ಕಾಣುತ್ತಿತ್ತು. ಬರಿಮಡಿಯ ನೀರಿನಲ್ಲಿ ಬೆರಳೇ ಕಾಣಲಿಲ್ಲ. ಉಳಿದ ಎರಡು ಬಾಟಲಿಗಳು ಅಲ್ಲಿಯೇ ತುಂಬಿದವು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳಿಗೆ ನ್ಯೂಯಾರ್ಕಿನ ವಿಷಯ ಹೇಳಿದೆ. ಆ ನಗರದ ನೀರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕ್ಯಾಟ್ಸ್‌ಕಿಲ್ ಮತ್ತು ಡೆಲವೇರ್ ಜಲಾನಯನ ಪ್ರದೇಶಗಳದ್ದು, ಅದನ್ನು ಸೋಸದೆಯೇ ಸೋಂಕು ನಿವಾರಿಸಿ ಮನೆಗಳಿಗೆ ಬಿಡುತ್ತಾರೆ. ಸೋಸುವ ದೊಡ್ಡ ಘಟಕ ಕಟ್ಟುವ ಬದಲು 1997ರಲ್ಲಿ ನಗರವು ಮೇಲ್ಭಾಗದ ಊರುಗಳೊಡನೆ ಒಪ್ಪಂದ ಮಾಡಿಕೊಂಡು, ಅಲ್ಲಿನ ಮಲಗುಂಡಿಗಳ ದುರಸ್ತಿಗೂ ಹೊಲ ಮತ್ತು ಕೊಟ್ಟಿಗೆಗಳಿಂದ ಗೊಬ್ಬರ ತೊರೆಗೆ ಸೇರದಂತೆ ಮಾಡುವ ಕೆಲಸಕ್ಕೂ ಹಣ ಕೊಟ್ಟಿತು. ನಮ್ಮ ಮಳೆ, ನಮ್ಮ ಮಣ್ಣು, ನಮ್ಮ ಜನಸಂದಣಿ ಬೇರೆ. ಇಲ್ಲಿ ಸೋಸದೆ ನೀರು ಕೊಡುವ ಮಾತೇ ಇಲ್ಲ. ಆದರೂ ಕೆಳಗೆ ಕುಡಿಯುವವರು ಮೇಲೆ ಉಳುವವರ ಖರ್ಚಿನಲ್ಲಿ ಪಾಲು ಹೊರಬೇಕೆಂಬ ಲೆಕ್ಕ ನನಗೆ ಸರಿ ಎನ್ನಿಸುತ್ತದೆ. ಒಂದು ಗಾಡಿ ಭತ್ತದ ಹುಲ್ಲಿನ ಬೆಲೆಗೆ ಆ ಬರಿಮಡಿಗಳ ಮಣ್ಣು ಹೊಲದಲ್ಲೇ ಉಳಿಯುತ್ತಿತ್ತು. ನನ್ನ ಮನೆಯ ನೀರಿನ ಬಿಲ್ಲಿನಲ್ಲಿ ಅಂತಹ ಬಾಬತ್ತನ್ನು ನಾನು ಒಮ್ಮೆಯೂ ಕಂಡಿಲ್ಲ.

ಮಾರನೆಯ ಬೆಳಿಗ್ಗೆ ಬಾಟಲಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಬರಿಮಡಿಯ ಬಾಟಲಿಯ ತಳದಲ್ಲಿ ಎರಡು ಬೆರಳು ಕೆಸರು ಕೂತಿದ್ದರೂ ಮೇಲಿನ ನೀರು ಇನ್ನೂ ಕಂದಾಗಿಯೇ ಇತ್ತು. ಜೇಡಿಯ ಸಣ್ಣ ಕಣಗಳು ಒಂದನ್ನೊಂದು ದೂಡುವುದರಿಂದ ತಾವಾಗಿ ಬೇಗ ತಳಕ್ಕೆ ಇಳಿಯುವುದಿಲ್ಲ. ಅವುಗಳನ್ನು ಒಂದುಗೂಡಿಸುವುದಕ್ಕೇ ಆಲಂ ಬೇಕು. ಆ ಮೇಲಿನ ನೀರನ್ನು ಲೋಟಕ್ಕೆ ಬಸಿದು, ಗೊಬ್ಬರದಿಂದ ನೀರಿಗೆ ಸೇರುವ ನೈಟ್ರೇಟನ್ನು ಪರೀಕ್ಷಿಸುವ ಪಟ್ಟಿಯೊಂದನ್ನು ಅದ್ದಿದೆ. ಪಟ್ಟಿ ಗುಲಾಬಿ ಬಣ್ಣಕ್ಕೆ ತಿರುಗಿತು, ನೈಟ್ರೇಟ್ ಇದೆ ಎಂದರ್ಥ. ಆಮೇಲೆ ಚಿಟಿಕೆ ಪಟಿಕ ಹಾಕಿ ಕದಡಿದೆ. ಅರ್ಧ ಗಂಟೆಯಲ್ಲಿ ಮೋಡದಂತಹ ಹೆಪ್ಪುಗಳು ಕೂಡಿಕೊಂಡು ತಳಕ್ಕೆ ಕೂತವು, ಮೇಲಿನ ನೀರು ಕನ್ನಡಿಯಂತಾಯಿತು. ಹಿಂದೆ ಜಾಡಿ ಹೀಗೆ ತಿಳಿಯಾದಾಗ ನನ್ನ ಮಟ್ಟಿಗೆ ಕೆಲಸ ಮುಗಿದಂತೆ. ಈ ಸಲ ತಿಳಿನೀರಿಗೆ ಎರಡನೆಯ ಪಟ್ಟಿ ಅದ್ದಿದೆ. ಅದೇ ಗುಲಾಬಿ ಬಣ್ಣ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕರಗಿದ ನೈಟ್ರೇಟನ್ನು ಆಲಂ ಹಿಡಿಯುವುದಿಲ್ಲ, ಮರಳಿನ ಸೋಸುಗ ತಡೆಯುವುದಿಲ್ಲ, ಕ್ಲೋರಿನ್ನಿಗೆ ಅದರ ಮೇಲೆ ಅಧಿಕಾರವಿಲ್ಲ. ಹೊಳೆಯ ಮತ್ತು ಹಿನ್ನೀರಿನ ಹರವಿನಲ್ಲಿ ಒಂದು ಹೊಲದ ಗೊಬ್ಬರ ಎಷ್ಟೋ ಪಾಲು ತೆಳುವಾಗುತ್ತದೆ, ನಿಜ. ಆದರೆ ಮೇಲೆ ಇರುವುದು ಒಂದು ಹೊಲವಲ್ಲ.

ಫಲಿತಾಂಶ ತಿಳಿಸುತ್ತೇನೆಂದು ಆ ರೈತರಿಗೆ ಮಾತು ಕೊಟ್ಟಿದ್ದರಿಂದ ಫೋನು ಮಾಡಿದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬಲ್ಲಿಂದ ನಾನು ಶುರು ಮಾಡಿದೆ, ಅವರು ನಡುವೆಯೇ ತಡೆದು, “ಅಂದ್ರೆ ನಾನು ಹಾಕಿದ ಗೊಬ್ಬರ ಹಳ್ಳಕ್ಕೆ ಹೋಗ್ತಾ ಇದೆ ಅಂತಾಯ್ತಲ್ಲ?” ಎಂದರು. ಹೌದು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಹುಲ್ಲು ಹೊದಿಸಿದ ಕಡೆಯ ಬಾಟಲಿಯಲ್ಲಿ ಏನು ಬಂತು ಎಂದು ಕೇಳಿದರು. ಆ ಬಾಟಲಿಯ ಮುಚ್ಚಳವನ್ನು ನಾನಿನ್ನೂ ತೆಗೆದಿರಲಿಲ್ಲ. ಫೋನನ್ನು ಕಟ್ಟೆಯ ಮೇಲೆ ಇಟ್ಟು, ಡಬ್ಬಿಯಿಂದ ಇನ್ನೊಂದು ಪಟ್ಟಿ ತೆಗೆದೆ.