ಡಿಲೈಲಾಗೆ ಸಿಗದೇ ಹೋದ ಕುದುರೆ

‘ಅನ್‌ಫರ್ಗಿವನ್’ ಸಿನಿಮಾ ಬಗ್ಗೆ ಯಾರು ಮಾತೆತ್ತಿದ್ರೂ ಕೊನೇಲಿ ಮಳೆ ರಾತ್ರಿ ಕ್ಲಿಂಟ್ ಈಸ್ಟ್‌ವುಡ್ ಬಾರ್‌ಗೆ ನುಗ್ಗಿ ಗುಂಡು ಹಾರಿಸೋದನ್ನೇ ಹೇಳ್ತಾರೆ. ಮೊನ್ನೆ ಡೊಂಬಿವಲಿಲಿ ಅಕ್ಕನ ಮನೇಲಿ ಮತ್ತೆ ನೋಡ್ದಾಗ ನಂಗೆ ತಲೇಲಿ ಉಳಿದಿದ್ದು ಅದಲ್ಲ, ಒಂದು ಕುದುರೆ ಸೀನ್.

ಕಥೆ ನಡೆಯೋದು 1880ರ ಸುಮಾರಿಗೆ, ಅಮೆರಿಕದ ವಯೋಮಿಂಗ್‌ನ ಬಿಗ್ ವಿಸ್ಕಿ ಅನ್ನೋ ಊರಲ್ಲಿ. ವಯೋಮಿಂಗ್ ರಾಜ್ಯ ಆಗಿದ್ದೇ 1890ರಲ್ಲಿ, ಹಾಗಾಗಿ ಊರಿಗೆ ಶೆರಿಫ್ ಲಿಟಲ್ ಬಿಲ್ ಹೇಳಿದ್ದೇ ಕಾನೂನು. ಬಾರ್‌ನಲ್ಲಿ ದಂಧೆ ಮಾಡೋ ಹುಡುಗಿ ಡಿಲೈಲಾ ಒಬ್ಬ ಕೌಬಾಯ್‌ನ ನೋಡಿ ನಕ್ಕಳು ಅಂತ ಅವನು ಚಾಕು ತೆಗೆದು ಅವಳ ಮುಖ ಕುಯ್ದುಬಿಡ್ತಾನೆ. ಶೆರಿಫ್ ಮೊದ್ಲು ಚಾಟಿ ತರಿಸ್ತಾನೆ, ಅಷ್ಟರಲ್ಲಿ ಬಾರ್ ಓನರ್ ಕಾಗದ ತೋರಿಸಿ ನಾನು ಇವಳ ಮೇಲೆ ದುಡ್ಡು ಹಾಕಿದೀನಿ, ನನ್ನ ಲಾಸ್ ಯಾರು ಕೊಡ್ತಾರೆ ಅಂತಾನೆ, ಆಮೇಲೆ ಕೇಸ್ ಕುದುರೆ ದಂಡದಲ್ಲಿ ಮುಗಿಯುತ್ತೆ, ಕುದುರೆ ಹೋಗೋದೂ ಓನರ್‌ಗೇ. ಮುಖ ಹಾಳಾಗಿದ್ದು ಅವಳದ್ದು! ಆ ಸಿಟ್ಟಿಗೆ ಉಳಿದ ಹೆಂಗಸರು ಕೂಡಿಟ್ಟಿದ್ದೆಲ್ಲ ಸೇರಿಸಿ ಚಾಕು ಹಾಕಿದವನು, ಅವನ ಜೊತೆಗಿದ್ದವನು, ಈ ಇಬ್ಬರು ಕೌಬಾಯ್‌ಗಳ ತಲೆಗೆ 1000 ಡಾಲರ್ ಕಟ್ತಾರೆ.

ಈಗ ಆ ಸೀನ್. ಇಬ್ಬರಲ್ಲಿ ಚಿಕ್ಕವನು ಡೇವಿ, ಚಾಕು ಹಾಕಿದವನಲ್ಲ. ಚಳಿ ಕಳೆದ್ಮೇಲೆ ದಂಡದ ಕುದುರೆಗಳನ್ನ ತಂದು ಓನರ್‌ಗೆ ಒಪ್ಪಿಸ್ತಾನೆ, ಜೊತೆಗೆ ಇನ್ನೊಂದು ಕುದುರೆ ತಂದಿರ್ತಾನೆ, ಎಲ್ಲಕ್ಕಿಂತ ಒಳ್ಳೇದು, ಇದು ಆ ಹುಡುಗಿಗೆ ಅಂತಾನೆ. ಉಳಿದ ಹೆಂಗಸರು ಬೈದು ಕೆಸರು ತೆಗೆದು ಎಸೆಯೋಕೆ ಶುರು ಮಾಡ್ತಾರೆ. ಡಿಲೈಲಾ ಮಾತ್ರ ಸುಮ್ಮನೆ ನಿಂತಿರ್ತಾಳೆ, ಅವಳ ಮುಖ ನೋಡಿದ್ರೆ ತಗೋತಿದ್ಳೇನೋ ಅನ್ಸುತ್ತೆ. ನಿಂಗೇನು ಬೇಕು ಅಂತ ಅವಳನ್ನ ಒಬ್ರೂ ಕೇಳಲ್ಲ, ಶೆರಿಫ್ ಕೇಳಲ್ಲ, ಓನರ್ ಕೇಳಲ್ಲ, ಅವಳ ಪರವಾಗಿ ನಿಂತ ಹೆಂಗಸರೂ ಕೇಳಲ್ಲ. ಅಕ್ಕ ರಿಮೋಟ್ ಕಿತ್ಕೊಂಡು ಅಷ್ಟನ್ನೇ ಇನ್ನೊಂದ್ಸಲ ಹಾಕಿದ್ಳು.

ಮುಂದೆ ಸುದ್ದಿ ಬಾಯಿಂದ ಬಾಯಿಗೆ ಬೆಳೆಯುತ್ತೆ. ಈಸ್ಟ್‌ವುಡ್ ಮಾಡಿರೋ ಮನ್ನಿ, ಹಳೇ ಕೊಲೆಗಾರ ಈಗ ಹಂದಿ ಸಾಕ್ಕೊಂಡಿರೋನು, ಅವನ ಹತ್ರ ಬರೋಷ್ಟರಲ್ಲಿ ಕಣ್ಣು ಕಿತ್ರು ಕಿವಿ ಕುಯ್ದ್ರು ಅಂತ ಆಗಿರುತ್ತೆ. ಆ ದುಡ್ಡಿಗೆ ಅಂತ ಮನ್ನಿ, ಅವನ ಗೆಳೆಯ ನೆಡ್ ಹೊರಡ್ತಾರೆ. ಮತ್ತೆ ಇವರ ಕೈಲಿ ಮೊದಲು ಸಾಯೋದು ಯಾರು, ಆ ಕುದುರೆ ತಂದ ಡೇವೀನೇ. ನೆಡ್ ಗುರಿ ಇಟ್ಟು ಕುದುರೆಗೆ ಹೊಡೀತಾನೆ, ಮನುಷ್ಯನಿಗೆ ಹೊಡೆಯೋಕೆ ಕೈ ಏಳಲ್ಲ, ಆಗ ಮನ್ನಿ ರೈಫಲ್ ಇಸ್ಕೊಂಡು ಹೊಡೀತಾನೆ. ಹೊಟ್ಟೆಗೆ ಗುಂಡು ಬಿದ್ದ ಹುಡುಗ ನೀರು ನೀರು ಅಂತ ಅಳ್ತಿರ್ತಾನೆ, ಕೊಟ್ಬಿಡ್ರೋ ನಾವು ಹೊಡೆಯಲ್ಲ ಅಂತ ಕೊಂದವನೇ ಮೇಲಿಂದ ಕೂಗ್ತಾನೆ. ಸೇಡಿನ ಸಿನಿಮಾಲಿ ಸಾವು ಇಷ್ಟು ನಿಧಾನವಾಗಿ ಇಷ್ಟು ಕಷ್ಟವಾಗಿ ಬರೋದನ್ನ ನಾನು ಬೇರೆಲ್ಲೂ ನೋಡಿಲ್ಲ.

1992ರ ಸಿನಿಮಾ, ನಾಲ್ಕು ಆಸ್ಕರ್ ಬಂತು, ಶೆರಿಫ್ ಮಾಡಿದ ಜೀನ್ ಹ್ಯಾಕ್‌ಮನ್‌ಗೂ ಒಂದು. ಊರೊಳಗೆ ಬಂದೂಕು ತರಬಾರ್ದು ಅನ್ನೋ ಅವನ ರೂಲ್ ಸರಿಯಾದದ್ದೇ, ಆದ್ರೆ ಅದನ್ನ ನಡೆಸೋದು ಒದ್ದು, ಚಾಟೀಲಿ ಹೊಡೆದು. ನೆಡ್ ಸಾಯೋದೂ ಹಾಗೇ, ಅದೂ ಯಾರನ್ನೂ ಕೊಲ್ಲದೆ ಮನೆಗೆ ಹೊರಟಿದ್ದವನು.

ಭಾವ ಕೊನೆ ಸೀನ್‌ಗೆ ಚಪ್ಪಾಳೆ ಹೊಡೆದ್ರು. ನಂಗೆ ಹೊಡೆಯೋಕಾಗ್ಲಿಲ್ಲ, ಆ ರಾತ್ರಿ ಬಿದ್ದ ಹೆಣ ನೆಡ್‌ಗೋಸ್ಕರ, ಡಿಲೈಲಾಗಲ್ಲ. ಇನ್ಮೇಲೆ ಹೆಂಗಸರ ತಂಟೆಗೆ ಬಂದ್ರೆ ವಾಪಸ್ ಬಂದು ಎಲ್ರನ್ನೂ ಕೊಲ್ತೀನಿ ಅಂತ ಮನ್ನಿ ಕೂಗಿ ಹೋಗ್ತಾನೆ ನಿಜ, ಅದೂ ಬೆದರಿಕೆಯೇ, ಶೆರಿಫ್ ಕೂಡ ಬೆದರಿಸಿಯೇ ಊರು ಆಳ್ತಿದ್ದ ಅಂತ ನಾನಂದೆ. “ಹಾಗಾದ್ರೆ ದೋಸ್ತನ ಹೆಣ ಬಾರ್ ಮುಂದೆ ನಿಲ್ಸಿಟ್ಟದ್ದು ನೋಡಿ ಅವ ಮತ್ತೆಂತ ಮಾಡ್ಬೇಕಿತ್ತು ಮಾರಾಯ?” ಅಂತ ಭಾವ ಕೇಳಿದ್ರು. ಅದಕ್ಕೆ ನನ್ನ ಹತ್ರ ಇನ್ನೂ ಉತ್ತರ ಇಲ್ಲ.