ನೀರಿನ ಮಟ್ಟ ಎಷ್ಟಿರಬೇಕು? ಎಲ್ಲರನ್ನೂ ಕೇಳಿ!

ನೆದರ್‌ಲ್ಯಾಂಡ್ಸ್‌ಗೆ ಹೊಸದಾಗಿ ಕೆಲಸಕ್ಕೆ ಬರುವ ನಮ್ಮ ಕಡೆಯ ಹುಡುಗರು ಮೊದಲು ಗೊಣಗುವುದು ಚಳಿಗಲ್ಲ, ಮೀಟಿಂಗಿಗೆ. 'ಬಾಸ್ ಏನೂ ಹೇಳಲ್ಲ ಗುರು, ಸುಮ್ನೆ ಎಲ್ಲರನ್ನೂ ಕೇಳ್ತಾ ಕೂರ್ತಾನೆ' ಅನ್ನುತ್ತಾರೆ. ಮಾತು ಸುಳ್ಳಲ್ಲ.

ನಾನಿರುವುದು ಲೈಡನ್ ಊರಿನಲ್ಲಿ. ಮೊನ್ನೆ ನಮ್ಮ ಟೀಮಿನಲ್ಲಿ ಹಳೇ ಸಾಫ್ಟ್‌ವೇರ್ ಬಿಟ್ಟು ಹೊಸದು ತರುವ ಮಾತು ಬಂತು. ಮ್ಯಾನೇಜರ್ ತಾನೇ ಎಲ್ಲರಿಗೂ ಕಾಫಿ ತಂದುಕೊಟ್ಟು ಒಂದು ಮೂಲೆಯಲ್ಲಿ ಕೂತ. ಮೊದಲು ಕೇಳಿದ್ದು ಯಾರನ್ನ ಗೊತ್ತಾ? ಇನ್ನೂ ಕಾಲೇಜು ಮುಗಿಸದ ಟ್ರೈನಿ ಹುಡುಗಿಯನ್ನ. ಅವಳು ಹಿಂದೆಮುಂದೆ ನೋಡದೆ 'ನಿಮ್ಮ ಪ್ಲಾನು ನನಗೆ ಸರಿ ಕಾಣ್ತಿಲ್ಲ' ಅಂದಳು. ಆತ ಬೇಜಾರು ಮಾಡಿಕೊಳ್ಳಲಿಲ್ಲ, 'ಯಾಕೆ?' ಅಂತ ಕೇಳಿ ಬರೆದುಕೊಂಡ. ಅವತ್ತು ಏನೂ ತೀರ್ಮಾನ ಆಗಲಿಲ್ಲ. ಮುಂದಿನ ವಾರವೂ ಆಗಲಿಲ್ಲ. ಕೊನೆಗೆ ಆದಾಗ, ಬೇಡ ಅಂದಿದ್ದವರ ಕಾರಣವೂ ಅದೇ ಕಾಗದದಲ್ಲಿತ್ತು. ಕೆಲಸ ಶುರುವಾದ ಮೇಲೆ ಅವರೂ ಕೈಜೋಡಿಸಿದರು.

ಇದು ಬರೀ ಒಳ್ಳೇತನ ಅಂದುಕೊಳ್ಳಬೇಡಿ, ಹಿಂದೆ ಕಾನೂನಿದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಂಪನಿಯಲ್ಲಿ ನೌಕರರೇ ಆರಿಸಿದ ಒಂದು ಮಂಡಳಿ ಇರಲೇಬೇಕು. ಕೆಲಸದ ವೇಳೆ, ರಜೆಯ ನಿಯಮ ಬದಲಿಸಬೇಕಾದರೆ ಆ ಮಂಡಳಿ ಒಪ್ಪಬೇಕು. ಒಪ್ಪದಿದ್ದರೆ ಮಾಲೀಕ ಕೋರ್ಟಿಗೆ ಹೋಗಿ ಅನುಮತಿ ತರಬೇಕು. ಕೇಳದೆ ಮಾಡಿದರೆ ಅಲ್ಲಿಗೇ ಹೋಗಬೇಕಾಗುತ್ತದೆ ಅಂತ ಗೊತ್ತಿದ್ದರೆ ಯಾವ ಬಾಸ್ ಆದರೂ ಮೊದಲೇ ಕೇಳುತ್ತಾನೆ, ಅಲ್ವಾ?

ದೊಡ್ಡ ಮಟ್ಟದಲ್ಲೂ ಹೀಗೇ. 1982ರಲ್ಲಿ ದೇಶದ ತುಂಬಾ ನಿರುದ್ಯೋಗ. ಕಾರ್ಮಿಕ ಸಂಘದವರೂ ಮಾಲೀಕರ ಸಂಘದವರೂ ಇಲ್ಲೇ ಹತ್ತಿರದ ವಾಸೆನಾರ್‌ನಲ್ಲಿ ಕೈಕುಲುಕಿದರು. ಇವರು ಸಂಬಳ ಏರಿಕೆಗೆ ಪಟ್ಟು ಹಿಡಿಯಲ್ಲ, ಅವರು ಕೆಲಸದ ಗಂಟೆ ಕಡಿಮೆ ಮಾಡಿ ಇರುವ ಕೆಲಸವನ್ನು ಹಂಚುತ್ತಾರೆ ಅಂತ ಒಪ್ಪಂದ. ಅವತ್ತು ಕಾರ್ಮಿಕರ ಕಡೆಯಿಂದ ಮಾತಾಡಿದ ವಿಮ್ ಕೊಕ್ 1994ರಲ್ಲಿ ಪ್ರಧಾನಿಯೇ ಆದರು. ಈ ರೀತಿಗೆ ಪೋಲ್ಡರ್ ಮಾದರಿ ಅಂತ ಹೆಸರು. ಪೋಲ್ಡರ್ ಅಂದರೆ ಒಡ್ಡು ಕಟ್ಟಿ, ನೀರು ಹೊರಗೆ ಹಾಕಿ ಪಡೆದ ನೆಲ. ನೀವು ವಿಮಾನ ಇಳಿಯುವ ಸ್ಕಿಪೋಲ್ ಕೂಡ ಅಂಥದ್ದೇ. 1852ರವರೆಗೆ ಅಲ್ಲಿ ದೊಡ್ಡ ಕೆರೆ ಇತ್ತು.

ನೀರಿನ ವಿಷಯಕ್ಕೆ ಬಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿ ಗದ್ದೆ ಇರುವ ಮನೆಯವನು ನಾನು. ಜುಲೈ ಬಂತು ಅಂದರೆ ನಮ್ಮಲ್ಲಿ ಮಕ್ಕಳಿಗೂ ಕೆಆರ್‌ಎಸ್ ಅಣೆಕಟ್ಟೆ ತುಂಬುವ 124.80 ಅಡಿ ಅನ್ನುವ ಲೆಕ್ಕ ಬಾಯಿಪಾಠ. ಇಲ್ಲಿ ಲೆಕ್ಕ ನಡೆಯುವುದು ಸೆಂಟಿಮೀಟರಿನಲ್ಲಿ. ಪ್ರತಿ ಪೋಲ್ಡರಿನ ಕಾಲುವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕು ಅಂತ ಜಲಮಂಡಳಿ ತೀರ್ಮಾನ ಮಾಡುತ್ತದೆ. ದೇಶದಲ್ಲಿ ಇಂಥ 21 ಮಂಡಳಿಗಳಿವೆ. ನಮ್ಮದು ರೈನ್‌ಲ್ಯಾಂಡ್ ಮಂಡಳಿ, ಅದಕ್ಕೆ 1255ರಲ್ಲೇ ಮಾನ್ಯತೆ ಸಿಕ್ಕಿತ್ತಂತೆ.

ಮೆತ್ತನೆಯ ನೆಲದ ಕಡೆ ಈ ತೀರ್ಮಾನ ಮಹಾ ತಲೆನೋವು. ಹಸು ಸಾಕುವವನಿಗೆ ನೀರು ಕೆಳಗಿರಬೇಕು, ಇಲ್ಲದಿದ್ದರೆ ಹುಲ್ಲುಗಾವಲಿನಲ್ಲಿ ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ. ಹಳೇ ಮನೆಯವನಿಗೆ ನೀರು ಮೇಲಿರಬೇಕು. ಅವನ ಮನೆ ನಿಂತಿರುವುದು ಮರದ ಕಂಬಗಳ ಮೇಲೆ, ನೀರಿಳಿದು ಗಾಳಿ ತಾಗಿದರೆ ಕಂಬ ಕೊಳೆಯುತ್ತದೆ. ನೀರು ತೀರಾ ಇಳಿಸಿದರೆ ನೆಲವೇ ಕುಸಿಯುತ್ತಾ ಹೋಗುತ್ತದೆ. ಹಾಗಾಗಿ ಕರಡು ಬರೆದು ಎಲ್ಲರ ಮುಂದಿಡುತ್ತಾರೆ, ಆಕ್ಷೇಪಣೆ ಕೇಳುತ್ತಾರೆ. ಮಂಡಳಿಗೆ ಚುನಾವಣೆ ಇದೆ. ಹೊಲದವರಿಗೆ 2, ಕಾಡು-ಜೌಗು ನೋಡಿಕೊಳ್ಳುವವರಿಗೆ 2 ಸೀಟು ಮೀಸಲು. ಖರ್ಚಿಗೆ ಮಂಡಳಿಯೇ ತೆರಿಗೆ ಹಾಕುತ್ತದೆ. ಆ ಬಿಲ್ಲು ನನ್ನ ಮನೆಗೂ ಬರುತ್ತದೆ. ಕಟ್ಟುವಾಗ ಮೈ ಉರಿದರೂ, ಮಾತಾಡುವ ಹಕ್ಕು ಅದರ ಜೊತೆಗೇ ಬರುತ್ತದೆ.

ಎಲ್ಲ ಚೆಂದ ಅಂತಲ್ಲ. 2021ರ ಚುನಾವಣೆ ಆದ ಮೇಲೆ ಪಕ್ಷಗಳು ಮಾತಾಡಿ ಮಾತಾಡಿ ಸರ್ಕಾರ ರಚಿಸಲು 299 ದಿನ ತೆಗೆದುಕೊಂಡವು. ಇದಕ್ಕಿಂತ ನಮ್ಮ ಊರ ಯಜಮಾನರ ನ್ಯಾಯವೇ ವಾಸಿ ಅನ್ನಿಸಿದ್ದುಂಟು.

ಕೂತು ಕೇಳುವುದು ನಮಗೇನು ಹೊಸದಲ್ಲ. 1881ರಲ್ಲೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ಆದರೆ ಅಲ್ಲಿ ಜನ ಅಹವಾಲು ಹೇಳಬಹುದಿತ್ತು, ತೀರ್ಮಾನ ಮಾಡುವಂತಿರಲಿಲ್ಲ. ಇವತ್ತು ನಾಲೆಗೆ ನೀರು ಯಾವಾಗ ಬಿಡುವುದು ಅನ್ನುವುದಕ್ಕೆ ನೀರಾವರಿ ಸಲಹಾ ಸಮಿತಿ ಇದೆ, ಊರುಗಳಲ್ಲಿ ನೀರು ಬಳಕೆದಾರರ ಸಂಘಗಳೂ ಇವೆ. ಆದರೂ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾ, ನೀರು ಬಿಟ್ಟಾಗ ನಮ್ಮ ಪಾಳಿ ಮುಗಿಯುವ ಹೊತ್ತಿಗೆ ಅರ್ಧ ಗದ್ದೆಯೂ ನೆನೆದಿರುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಚಿಕ್ಕಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: 'ಅಲ್ಲ ಕಣ್ಲಾ ಮಗ, ಅಲ್ಲಿ ಒಡ್ಡು ಒಡೆದ್ರೆ ಎಲ್ರೂ ಮುಳುಗ್ತಾರೆ. ಅದಕ್ಕೆ ಕೂರ್ತಾರೆ. ಇಲ್ಲಿ ಮೇಲಿನೋನು ತೂಬು ಎತ್ತಿದ್ರೆ ಅವನ ಗದ್ದೆ ತುಂಬ್ತದೆ, ನಮ್ದು ಒಣಗ್ತದೆ. ಅವನ್ಯಾಕೆ ಬಂದು ಕೂತಾನು?'

ಇಷ್ಟು ಚೆನ್ನಾಗಿ ನನಗೆ ಇಲ್ಲಿಯ ಯಾರೂ ಹೇಳಿರಲಿಲ್ಲ. ಡಚ್ಚರು ನಮಗಿಂತ ಒಳ್ಳೆಯವರು ಅಂತಲ್ಲ, ಎದ್ದು ಹೋದವನಿಗೂ ನಷ್ಟ ಇದೆ, ಅಷ್ಟೇ. ಆ ನಷ್ಟವನ್ನು ನಮ್ಮಲ್ಲಿ ನಾವೇ ಹುಟ್ಟಿಸಬೇಕು. 'ಹಂಗಾದ್ರೆ ಸಂಘದಲ್ಲಿ ಒಂದು ರೂಲ್ಸ್ ಮಾಡಿ ಚಿಕ್ಕಪ್ಪ' ಅಂದೆ. 'ಕೊನೇ ಗದ್ದೆಗೆ ನೀರು ಮುಟ್ಟದೆ ಮೇಲಿನವರಿಗೆ ಮುಂದಿನ ಪಾಳಿ ಇಲ್ಲ ಅಂತ.'

'ಆ ರೂಲ್ಸಿಗೂ ಮೇಲಿನೋರೇ ಕೈ ಎತ್ತಬೇಕಲ್ಲಪ್ಪ' ಅಂತ ಜೋರಾಗಿ ನಕ್ಕರು. ಆಮೇಲೆ, ಸಂಘದ ಮೀಟಿಂಗಿನಲ್ಲಿ ಎತ್ತಿ ನೋಡುತ್ತೇನೆ ಅಂದಿದ್ದಾರೆ. ಅದಕ್ಕೂ ಮೊದಲು ಮೇಲಿನ ಊರಿನ ಇಬ್ಬರು ಮುಖಂಡರನ್ನು ಕರೆದು, ಟೀ ಕುಡಿಸಿ, ಮಾತಾಡಿಕೊಳ್ಳಬೇಕಂತೆ.